ಬಾಂಗರ್ ನೆಲದಲ್ಲಿ ಒಂದು ಹಿಡಿ ಮೆಂತ್ಯ

ಯಾವ ವರ್ಷ ಎಂದು ಕೇಳಿದರೆ ನಾನು 2004 ಎನ್ನುತ್ತೇನೆ, ನನ್ನ ಹೆಂಡತಿ ಸುಧಾ 2005 ಎನ್ನುತ್ತಾಳೆ. ಮಣ್ಣಿನ ಮೇಲೆ ಆ ಬಿಳಿಯನ್ನು ಮೊದಲು ಕಂಡದ್ದು ಯಾರು ಎಂಬುದರಲ್ಲೂ ನಮಗೆ ಒಮ್ಮತವಿಲ್ಲ. ರಸಾಯನಶಾಸ್ತ್ರ ಓದಿ, ಸಾಕ್ಷಿಯಿಲ್ಲದ್ದನ್ನು ನಂಬಬಾರದೆಂದು ಕಲಿತವನು ನಾನು. ಈಗ ನನ್ನ ನೆನಪನ್ನೇ ಅಷ್ಟಾಗಿ ನಂಬುವುದಿಲ್ಲ. ಆದರೆ ನೆಲ ಬೆಳ್ಳಗಾದದ್ದು ನಿಜ. ದಿಲ್ಲಿ ಪಕ್ಕದ ಫರೀದಾಬಾದಿನ ಬಾಡಿಗೆ ಮನೆಯ ಹಿಂದೆ, ಮೆಂತ್ಯ ಬಿತ್ತಿದ್ದ ಪಾತಿಯ ಮೇಲೆ, ಯಾರೋ ರಂಗೋಲಿ ಪುಡಿ ಚೆಲ್ಲಿದ ಹಾಗಿತ್ತು. ಬೆರಳಲ್ಲಿ ಒತ್ತಿ ನಾಲಿಗೆಗೆ ಇಟ್ಟೆ. ಉಪ್ಪು.

ನಮ್ಮ ಕೋಲಾರದ ಕಡೆ ಕೆಮ್ಮಣ್ಣು. ಅಲ್ಲಿ ಕೊರತೆ ನೀರಿನದು, ಮಣ್ಣಿನದಲ್ಲ. ಕೈ ತೊಳೆದ ನೀರು ಬಿದ್ದ ಕಡೆಯೂ ಟೊಮೇಟೊ ಹುಟ್ಟುತ್ತದೆ. ಇಲ್ಲಿಯದು ಗೋಧಿಹಿಟ್ಟಿನ ಬಣ್ಣದ ಮಣ್ಣು. ಅಗೆದರೆ ಶುಂಠಿಯಂತೆ ಕವಲೊಡೆದ ಸುಣ್ಣದ ಗಂಟುಗಳು ಸಿಗುತ್ತವೆ, ಅದಕ್ಕೆ ಕಂಕರ್ ಎನ್ನುತ್ತಾರೆ. ಯಮುನೆಯ ಮಗ್ಗುಲಿನ ಹೊಸ ಮೆಕ್ಕಲು ನೆಲ ಖಾದರ್; ಪ್ರವಾಹ ಮುಟ್ಟದ ಎತ್ತರದ ಹಳೆಯ ನೆಲ ಬಾಂಗರ್. ಖಾದರಿನ ಮರಳಲ್ಲಿ ಕರಬೂಜ ಮತ್ತು ಕಕಡಿ ಎಂಬ ಉದ್ದನೆಯ ಸೌತೆ, ಬಾಂಗರಿನಲ್ಲಿ ಗೋಧಿ ಮತ್ತು ಸಾಸಿವೆ. ನಮ್ಮ ಮನೆ ಇದ್ದದ್ದು ಬಾಂಗರಿನಲ್ಲಿ, ಅದೂ ಕೊಳವೆಬಾವಿಯ ನೀರು ಉಪ್ಪಾಗಿರುವ ಭಾಗದಲ್ಲಿ.

ಅಷ್ಟು ಹೊತ್ತಿಗಾಗಲೇ ಸರ್ಕಾರಿ ಕೆಲಸದ ನೆಪದಲ್ಲಿ ನಾನು ಸುಧಾಳನ್ನು ಮೂರು ಊರು ಸುತ್ತಿಸಿದ್ದೆ. ಎಲ್ಲಿಯೂ ನಿಲ್ಲಲಾಗದ ನನಗೆ, ಯಾಕೋ, ಈ ಧೂಳಿನ ಊರಲ್ಲಿ ನಿಲ್ಲಬೇಕೆನಿಸಿತ್ತು. ಅವಳಿಗೆ ಅನಿಸಿರಲಿಲ್ಲ. ಮಾತಾಡಲು ಜನವಿಲ್ಲ; ನಾಲ್ಕು ವರ್ಷದ ಮಗಳು ಮೇಘನಾ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸತೊಡಗಿದ್ದಳು. ಎರಡು ಸಲ ಬಿತ್ತಿದ ಮೆಂತ್ಯ ಎರಡೆಲೆ ಬಿಟ್ಟು ಸುಟ್ಟುಹೋಗಿತ್ತು.

"ವರ್ಗಾವಣೆಗೆ ಯಾವಾಗ ಕೇಳ್ಬೇಕು?" ಎಂದಳು.

"ಡಿಸೆಂಬರ್ ಕೊನೆಗೆ."

"ಅಷ್ಟರಲ್ಲಿ ಒಂದು ಹಿಡಿ ಮೆಂತ್ಯ ಬಂದ್ರೆ ಇರೋಣ. ಇಲ್ದಿದ್ರೆ ಕೇಳ್ಬಿಡಿ. ಸೊಪ್ಪೂ ಬೇರು ಬಿಡದಿರೋ ಕಡೆ ನಾನೇನ್ರೀ ಬಿಡ್ಲಿ?"

ನಗುತ್ತಲೇ ಹೇಳಿದಳು. ನಾನು ನಗಲಿಲ್ಲ ಎಂದು ನೆನಪು.

ಮೂರನೇ ಸಲ ಬಿತ್ತಿದೆವು. ಬೆಳಗ್ಗೆ ನಲ್ಲಿಯಲ್ಲಿ ಬರುತ್ತಿದ್ದ ಸಿಹಿನೀರನ್ನು ಕುಡಿಯಲು ತುಂಬಿಟ್ಟು, ಪಾತಿಗೆ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ತಂದು ಬೆರಳಲ್ಲಿ ಚಿಮುಕಿಸುತ್ತಿದ್ದೆವು. ಕುಡಿಯುವ ನೀರನ್ನು ಮಣ್ಣಿಗೆ ಸುರಿಯಲು ಕೋಲಾರದವರಿಗೆ ಕೈ ಬರುವುದಿಲ್ಲ. ಮಹಡಿಯಿಂದ ಮನೆಯೊಡತಿ ಚೌಧರಿ ಆಂಟಿ ನೋಡುತ್ತಿದ್ದರು.

"ಅರೇ ಬೇಟಾ, ಪಾನಿ ಪಿಲಾ ರಹೇ ಹೋ ಕಿ ಪೂಜಾ ಕರ್ ರಹೇ ಹೋ?" ನೀರು ಕುಡಿಸುತ್ತಿದ್ದೀಯೋ, ಪೂಜೆ ಮಾಡುತ್ತಿದ್ದೀಯೋ?

ಒಂದು ಭಾನುವಾರ ಸ್ವೆಟರ್ ಕೊಳ್ಳಲು ದಿಲ್ಲಿಯ ಸರೋಜಿನಿ ನಗರಕ್ಕೆ ಹೋಗಿ ಸಂಜೆ ಬಂದರೆ ಪಾತಿ ಕೆರೆಯಾಗಿತ್ತು. ಆಂಟಿ ತಮ್ಮ ಟ್ಯಾಂಕಿನ ಸಿಹಿನೀರಿಗೆ ಪೈಪು ಹಾಕಿ ಬಿಟ್ಟಿದ್ದರು.

"ಅಮ್ಮಾ, ದೇಖೋ, ಸಮುದ್ರ!" ಎಂದು ಮೇಘನಾ ಕುಣಿದಳು.

"ಖೂಬ್ ಪಿಲಾ ದಿಯಾ!" ಚೆನ್ನಾಗಿ ಕುಡಿಸಿದ್ದೇನೆ ಎಂದು ಆಂಟಿ ಮೇಲಿನಿಂದ ಕೂಗಿದರು. "ಆಪ್ ಲೋಗೋಂ ಕಾ ಛಿಡ್‌ಕಾವ್ ದೇಖಾ ನಹೀಂ ಜಾತಾ." ನಿಮ್ಮ ಚಿಮುಕಿಸಾಟ ನೋಡಲಾಗುವುದಿಲ್ಲವಂತೆ.

"ಇವರಿಗೆ ಏನಾದ್ರೂ ಹೇಳ್ರೀ! ಬೀಜಾನೂ ಕೊಳೀತು" ಎಂದು ಸುಧಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆಂಟಿಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ ಎಂಬುದು ನನ್ನ ನೆನಪು. "ಬೈಯೋಷ್ಟು ಹಿಂದಿ ನಿಮಗೆಲ್ಲಿ ಬರ್ತಿತ್ತು? ಥ್ಯಾಂಕ್ ಯೂ ಆಂಟೀಜಿ ಅಂದ್ರಿ" ಎಂಬುದು ಸುಧಾಳದು.

ನೀರು ಇಂಗಿತು. ಆಂಟಿ ಮತ್ತೆರಡು ಸಲ ತುಂಬಿಸಿದರು. ತಡೆಯುವ ಉತ್ಸಾಹ ನಮಗಿರಲಿಲ್ಲ. ಆಮೇಲೆ ಬಿಳಿ ಮರಳಿ ಬರಲಿಲ್ಲ. ಚಿಮುಕಿಸಿದ ಉಪ್ಪುನೀರು ಆವಿಯಾಗಿ ಉಪ್ಪನ್ನು ಮೇಲೆಯೇ ಬಿಡುತ್ತದೆ, ತುಂಬಿ ನಿಂತ ಸಿಹಿನೀರು ಅದನ್ನು ಕರಗಿಸಿ ಬೇರಿನ ಕೆಳಕ್ಕೆ ಒಯ್ಯುತ್ತದೆ ಎಂಬುದು ನನಗೆ ಮೊದಲೇ ಹೊಳೆದಿತ್ತೋ, ಹಸಿರು ಕಂಡ ಮೇಲೆ ಹೊಳೆಯಿತೋ, ಗೊತ್ತಿಲ್ಲ. ಉಳಿದಿದ್ದ ಬೀಜ ಚೆಲ್ಲಿದೆವು. ಡಿಸೆಂಬರಿನ ಮಂಜಿನಲ್ಲಿ ಮೆಂತ್ಯ ಒತ್ತಾಗಿ ಎದ್ದಿತು. ಇಲ್ಲಿಯ ಚಳಿಗೆ ಸೊಪ್ಪು ದಪ್ಪವಾಗುತ್ತದೆ, ಕಹಿ ಕಡಿಮೆ. ಸುಧಾ ಕೊಯ್ದು, ಅರ್ಧವನ್ನು ಪರಾಠೆಗೆಂದು ಆಂಟಿಗೆ ಕೊಟ್ಟು ಬಂದಳು. ವರ್ಗಾವಣೆಯ ಮಾತು ಬರುತ್ತದೆಂದು ನಾನು ಕಾಯುತ್ತಿದ್ದೆ.

"ರೀ, ಪಕ್ಕದಲ್ಲಿ ಪಾಲಕ್ ಹಾಕೋಣ್ವಾ?"

ಅಷ್ಟೇ. ನಾನು ಹೊರಗೆ ಹೋಗಿ ಸುಮ್ಮನೆ ಒಂದು ಸುತ್ತು ನಡೆದು ಬಂದೆ. ಎದೆ ಅಷ್ಟು ಹಗುರಾದದ್ದು ಮತ್ತೆ ನೆನಪಿಲ್ಲ.

ಇಲ್ಲಿಯೇ ಉಳಿದೆವು. ಈಗ ಊರಿಗೆ ಹೋದರೆ ನಾವು ದಿಲ್ಲಿಯವರು, ಇಲ್ಲಿ ಇವತ್ತಿಗೂ ಮದ್ರಾಸಿಗಳು. ಕಳೆದ ಸಲ ಕೋಲಾರದಲ್ಲಿ ಸುಧಾ ತನ್ನ ತಮ್ಮನ ಕೈತೋಟಕ್ಕೆ ಪೈಪು ಬಿಟ್ಟು ನಿಂತಿದ್ದಾಗ ಅವನು ಓಡಿಬಂದ.

"ಏನಕ್ಕ, ಭತ್ತ ನಾಟಿ ಮಾಡ್ತೀಯಾ? ಟ್ಯಾಂಕ್ ಖಾಲಿ ಮಾಡ್ಬೇಡ!"

ಅವಳು ಒಳಗೆ ಹೋದ ಮೇಲೆ ಅವನನ್ನು ಕೇಳಿದೆ. ಆ ವರ್ಷ ಮೆಂತ್ಯ ಬರದಿದ್ದರೆ ಅವಳು ನಿಜವಾಗಿ ವಾಪಸ್ ಬಂದುಬಿಡುತ್ತಿದ್ದಳೇ, ಅಥವಾ ಅದೆಲ್ಲ ನಾನು ಕಟ್ಟಿಕೊಂಡ ಕಥೆಯೇ?

"ಬಂದೇಬಿಡ್ತಿದ್ಲು ಭಾವ. ನೀವು ಬಂದ್ರೂ ಸರಿ, ಬರದಿದ್ರೂ ಸರಿ ಅಂದಿದ್ಲು. ಜೂನ್‌ಗೆ ಮೇಘನಾಗೆ ಇಲ್ಲೇ ಸ್ಕೂಲ್ ಸೀಟು ಮಾತಾಡಿಟ್ಟಿದ್ದೆ."

ಒಬ್ಬನ ಮಾತು ಸಾಲದೆಂದು ಅತ್ತೆಯವರನ್ನು ಬೇರೆಯಾಗಿ ಕೇಳಿದೆ. ಅವರೂ ಅದನ್ನೇ ಹೇಳಿದರು. ಶಾಲೆಗೂ ಹೋಗಿ ವಿಚಾರಿಸಿದೆ. ಹಳೆಯ ರಿಜಿಸ್ಟರಿನಲ್ಲಿ ಮೇಘನಾಳ ಹೆಸರಿತ್ತು; ಸೀಟು ಇಟ್ಟಿದ್ದರು.