ನಾಗಮ್ಮ ಹೇಳದ ಹೆಸರು

ತರ್ಕಕ್ಕೆ ನಿಲುಕದ ಅನುಭವವೆಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಕಲಿತದ್ದು ಎರಡು ಮಾತು: ಪ್ರತಿ ಘಟನೆಗೂ ಕಾರಣವಿರುತ್ತದೆ, ಪ್ರತಿ ಕ್ರೌರ್ಯಕ್ಕೂ ಹೊಣೆಗಾರರಿರುತ್ತಾರೆ. ಎರಡನೆಯದನ್ನು ಈಗಲೂ ನಂಬುತ್ತೇನೆ. ಮೊದಲನೆಯದನ್ನು ಆ ಮಧ್ಯಾಹ್ನದ ನಂತರ ಅಷ್ಟು ಧೈರ್ಯವಾಗಿ ಹೇಳಲಾರೆ.

ಹತ್ತೊಂಬತ್ತನೆಯ ಶತಮಾನದ ನಿರಾಶ್ರಿತರ ಮನೆಗಳಲ್ಲಿ ಬಡ ವೃದ್ಧರನ್ನು ನಡೆಸಿಕೊಂಡ ಬಗೆಯ ಕುರಿತು ನಾನು ಆಗ ಪ್ರಬಂಧ ಬರೆಯುತ್ತಿದ್ದೆ. ಒಳಗೆ ಬಂದವರ ಬಟ್ಟೆ ಕಳಚಿಸಿ ಎಲ್ಲರಿಗೂ ಒಂದೇ ತೆರನ ಒರಟು ಬಟ್ಟೆ ಕೊಡುತ್ತಿದ್ದರು. ಜೀವಮಾನವಿಡೀ ಜೊತೆಗೆ ಬಾಳಿದ ಗಂಡಹೆಂಡಿರನ್ನು ಬಾಗಿಲಲ್ಲೇ ಬೇರ್ಪಡಿಸಿ ಒಬ್ಬರನ್ನು ಗಂಡಸರ ಕಟ್ಟಡಕ್ಕೆ, ಇನ್ನೊಬ್ಬರನ್ನು ಹೆಂಗಸರ ಕಟ್ಟಡಕ್ಕೆ ಕಳಿಸುತ್ತಿದ್ದರು. ಅದನ್ನು ಶಿಸ್ತು ಎಂದು ಕರೆದರು. ಮುಂಬಯಿಯ ಪೂರ್ವ ಉಪನಗರದಲ್ಲಿ ಆ ಕಾಲದ ಅಂಥದೊಂದು ಮನೆ ಇಂದಿಗೂ ನಡೆಯುತ್ತಿದೆ. ಅದರ ಹಳೆಯ ನಿಯಮಾವಳಿಯನ್ನು ಓದಲೆಂದು ಹೋದೆ. ಓದುವ ಅಗತ್ಯವೇ ಬೀಳಲಿಲ್ಲ, ಅದು ಜಾರಿಯಲ್ಲಿತ್ತು.

ಕನ್ನಡ ಬಲ್ಲವಳೆಂದು ಅಲ್ಲಿಯವರು ನನ್ನನ್ನು ನಾಗಮ್ಮನ ಬಳಿಗೆ ಕರೆದೊಯ್ದರು. ಕಲಬುರಗಿ ಕಡೆಯಿಂದ ಗಂಡನೊಂದಿಗೆ ಮುಂಬಯಿಗೆ ಬಂದು, ಗಾರೆ ಕೆಲಸದಲ್ಲಿ ಊರಿನವರ ಮನೆಗಳನ್ನೆಲ್ಲ ಕಟ್ಟಿ, ಕೊನೆಗೆ ಘಾಟ್ಕೋಪರ್‌ನ ಫ್ಲೈಓವರ್ ಕೆಳಗೆ ಉಳಿದವಳು. ಲಕ್ವ ಹೊಡೆದ ಗಂಡನನ್ನು, ಬೀದಿಯಲ್ಲಿ ಬಿದ್ದವರನ್ನು ಒಯ್ಯುವ ಗಾಡಿಯೊಂದು ಎತ್ತಿಕೊಂಡು ಹೋಯಿತು. ವಾರದ ಮೇಲೆ ಇನ್ನೊಂದು ಗಾಡಿ ಇವಳನ್ನು ತಂದಿತು. ಅವನೂ ಇದೇ ಮನೆಯಲ್ಲಿ, ಗೋಡೆಯಾಚೆ ಇದ್ದಾನೆಂದು ಅವಳ ನಂಬಿಕೆ. ಅವಳ ಕಣ್ಣಿಗೆ ಪೊರೆ ಬಂದಿದ್ದರಿಂದ ಅಲ್ಲಿನವರ ಫೋಟೊ ತೋರಿಸಿ ಫಲವಿರಲಿಲ್ಲ. ಆಚೆ ಕಡೆ ಮಾತು ಬಿದ್ದುಹೋದ ಹಲವು ಮುದುಕರಿದ್ದರು, ಅವರಿಂದ ಏನೂ ತಿಳಿಯುವಂತಿರಲಿಲ್ಲ. ಅಂಥವರನ್ನು ಸೋಮವಾರ ದೂರದ ಜಿಲ್ಲೆಯ ಬೇರೊಂದು ಆಶ್ರಮಕ್ಕೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಅಂದು ಶನಿವಾರ.

“ಹೆಂಗಸರನ್ನು ಆಚೆ ಬಿಡುವಂತಿಲ್ಲ. ಗಂಡನ ಹೆಸರು ಹೇಳಿ, ಕರೆತರುತ್ತೇನೆ. ನಾವೇ ಹೆಸರು ಓದಿದರೆ ಯಾರು ಬೇಕಾದರೂ ಹೌದೆನ್ನುತ್ತಾರೆ,” ಎಂದು ಕಚೇರಿಯ ಗುಮಾಸ್ತ ಹಿಂದಿಯಲ್ಲಿ ಹೇಳಿದ. ದಾಖಲು ಮಾಡಿಕೊಂಡ ದಿನ ನಾಗಮ್ಮ ಗಂಡನ ಹೆಸರು ಹೇಳಿರಲಿಲ್ಲ. ಹಾಗಾಗಿ ಅವಳ ಹೆಸರಿನ ಮುಂದೆ, ಸಂಬಂಧಿಕರು ಯಾರೂ ಇಲ್ಲ ಎಂದು ಬರೆದಿದ್ದರು.

“ಅವರ ಹೆಸರ ನಾ ಹ್ಯಾಂಗ ಹೇಳ್ಲಿ, ಯವ್ವಾ? ಮೊದಲೇ ಮೈಯಾಗ ಆರಾಮಿಲ್ಲ. ನಾ ಹೇಳಿದ್ರ ಇರೋ ಆಯುಷ್ಯನೂ ಹೋಗ್ತದ.”

ಮದುವೆಗಳಲ್ಲಿ ಹೆಂಗಸರು ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳುತ್ತಾರಲ್ಲ, ಹಾಗಾದರೂ ಹೇಳು ಆಯಿ ಎಂದು ಬೇಡಿಕೊಂಡೆ.

“ಇಲ್ಲಿ ಯಾರ ಮದಿವಿ ಅದ?” ಎಂದಳು.

ಬಸಪ್ಪ, ಮಲ್ಲಪ್ಪ, ಶರಣಪ್ಪ ಎಂದು ನನಗೆ ತಿಳಿದ ಹೆಸರುಗಳನ್ನೆಲ್ಲ ನಾನೇ ಒಂದೊಂದಾಗಿ ಹೇಳಿದೆ. ತಲೆಯಾಡಿಸಿದರೂ ಹೇಳಿದಂತೆಯೇ ಎಂದು ಅವಳು ಮುಖ ತಿರುಗಿಸಿದಳು. ವಾರ್ಡಿನ ಆಯಾ ಮುಮ್ತಾಜ್, ಅವಳೂ ಕಲಬುರಗಿ ಕಡೆಯವಳೇ, ನೀರಿನ ಬಕೆಟ್ ಕೆಳಗಿಟ್ಟು, “ಮುದುಕಿ ಗಂಡನ ಹೆಸರ ನುಂಗಿ ಕುಂತಾಳ್ರಿ ಮೇಡಮ್. ಒಂದು ಎಕ್ಸ್‌ರೇ ತೆಗಸ್ರಿ,” ಎಂದಳು. ನಾಗಮ್ಮನೂ ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಮೇಲೆ ಸಿಟ್ಟೇ ಬಂತು. ಸಿಟ್ಟಾಗಬೇಕಾದದ್ದು ಅವಳ ಮೇಲಲ್ಲವೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಪತಿಯ ಆಯುಷ್ಯಕ್ಕಾಗಿ ಬಾಯಿ ಮುಚ್ಚಿಕೊಂಡವಳ ಮೌನವನ್ನು ಅನಾಥತನವೆಂದು ಬರೆದುಕೊಂಡ ಕೈ ಯಾವುದು?

ಊಟವಾಗಿ ವಾರ್ಡು ಮಲಗಿತ್ತು. ಎರಡು ಕಟ್ಟಡಗಳ ನಡುವಿನ ಮುಚ್ಚಿದ ಬಾಗಿಲ ಬಳಿ ಒಂದು ಕಲ್ಲುಕಟ್ಟೆ ಇದೆ. ಅಲ್ಲಿ ಕುಳಿತು ಆಡಳಿತ ಮಂಡಳಿಗೆ ದೂರು ಬರೆಯುತ್ತಿದ್ದೆ. ತಲೆಯೆತ್ತಿದಾಗ ಕಟ್ಟೆಯ ಇನ್ನೊಂದು ತುದಿಯಲ್ಲಿ ಒಬ್ಬ ಮುದುಕಿ ಇದ್ದಳು. ಒರಟು ಬಿಳಿ ಸೀರೆ ಉಟ್ಟಿದ್ದಳು. ಯಾವಾಗ ಬಂದಳೋ ಗಮನಿಸಿರಲಿಲ್ಲ. ನನ್ನತ್ತ ನೋಡದೆ, ಆ ಬಾಗಿಲನ್ನೇ ನೋಡುತ್ತ ಹೇಳಿದಳು:

“ಆಕಿ ಗಂಡನ ಹೆಸರು ಅಂಬಾರಾಯ. ಬರಕೋ. ನಾ ಹೇಳಿದ್ರ ತಪ್ಪಿಲ್ಲ, ನನ್ನ ಗಂಡ ಅಲ್ಲ.” ಬಳಿಕ, “ನನಗೂ ಕೇಳಿದ್ರು. ನಾನೂ ಹೇಳ್ಲಿಲ್ಲ,” ಎಂದಳು.

ನಾನು ಎದ್ದು ಕಚೇರಿಗೆ ಓಡಿದೆ. ಆ ಕ್ಷಣಕ್ಕೆ ನನಗೆ ಬೇಕಾಗಿದ್ದದ್ದು ಹೆಸರೊಂದೇ.

ದಾಖಲೆ ಪುಸ್ತಕದಲ್ಲಿ ಅಂಬಾರಾಯನೆಂಬವನು ಒಬ್ಬನೇ ಇದ್ದ; ತಂದ ದಿನ ಜೇಬಿನಲ್ಲಿದ್ದ ಚೀಟಿ ನೋಡಿ ಬರೆದುಕೊಂಡ ಹೆಸರು. ಗುಮಾಸ್ತ ಬೇಸರದಿಂದಲೇ ಬೀಗ ತೆಗೆಸಿದ. ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸಿದ ಆ ಮನುಷ್ಯನ ತುಟಿ ಒಂದು ಕಡೆ ಎಳೆದಿತ್ತು. ನಾಗಮ್ಮ ಅವನ ಹೆಗಲು, ಮೊಣಕೈ ತಡವುತ್ತ ಬಂದು ಎಡಗೈಯ ಹೆಬ್ಬೆರಳಿನ ಮೇಲೆ ಕೈ ನಿಲ್ಲಿಸಿದಳು. ಸುತ್ತಿಗೆಯ ಏಟಿಗೆ ಅರ್ಧ ಹೋದ ಉಗುರು ಅದು. ಅವಳಿಗೆ ಅಲ್ಲಿ ಕೊಟ್ಟಿದ್ದದ್ದು ಮ್ಯಾಕ್ಸಿ, ಎಳೆದುಕೊಳ್ಳಲು ಸೆರಗಿರಲಿಲ್ಲ; ಹೆಗಲ ಮೇಲಿದ್ದ ಟವೆಲ್ಲನ್ನೇ ತಲೆಯ ಮೇಲೆ ಹೊದ್ದುಕೊಂಡಳು. “ಗಡ್ಡಾನೂ ತೆಗಸ್ಕೊಂಡಿಲ್ಲೇನ್ರಿ?” ಎಂದಳು. ಅವನ ಲಕ್ವ ತಾಕದ ಕಡೆಯ ಕಣ್ಣಿನಿಂದ ನೀರು ಇಳಿಯಿತು. ಗುಮಾಸ್ತ ತಾನಾಗಿಯೇ ಸೋಮವಾರದ ಪಟ್ಟಿ ತರಿಸಿ ಆ ಹೆಸರನ್ನು ಹೊಡೆದುಹಾಕಿದ.

ಆ ಬಿಳಿ ಸೀರೆಯವಳಿಗೆ ಸುದ್ದಿ ಹೇಳೋಣವೆಂದು ಮುಮ್ತಾಜಳೊಂದಿಗೆ ಒಂದೊಂದು ಹಾಸಿಗೆಯನ್ನೂ ನೋಡಿಬಂದೆ. ಅಂಥವಳು ಯಾರೂ ಇರಲಿಲ್ಲ. ನಾಗಮ್ಮನನ್ನು ಬಿಟ್ಟು ಕನ್ನಡ ಬಲ್ಲ ಮುದುಕಿ ಆ ವಾರ್ಡಿನಲ್ಲೇ ಇಲ್ಲ ಎಂದಳು ಮುಮ್ತಾಜ್. ಬಿಳಿ ಸೀರೆ ಕೊಡುವುದನ್ನಂತೂ ಅವಳು ಕೆಲಸಕ್ಕೆ ಸೇರುವುದಕ್ಕಿಂತ ಎಷ್ಟೋ ಮೊದಲೇ ನಿಲ್ಲಿಸಿದ್ದರಂತೆ. ಹೊರಗಿನವರು ಯಾರೂ ಬಂದಿಲ್ಲವೆಂದು ಗೇಟಿನವನು ಹೇಳಿದ. ಆ ಹೆಸರು ಕಚೇರಿಯಲ್ಲೆಲ್ಲೋ ನನ್ನ ಕಿವಿಗೆ ಬಿದ್ದು ಮರೆತಿರಬಹುದು. ಹಾಗೆಂದು ನನಗೆ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಕಟ್ಟೆಯ ಮೇಲೆ ಕುಳಿತಿದ್ದವಳು ಯಾರು?

ಗಂಡಹೆಂಡಿರಿಗೆ ದಿನಕ್ಕೊಂದು ಗಂಟೆ ಜೊತೆಗೆ ಕೂರಲು ಈಗ ಅನುಮತಿಯಿದೆ. ಉಳಿದ ಇಪ್ಪತ್ತಮೂರು ಗಂಟೆ ಏಕಿಲ್ಲ ಎಂಬ ನನ್ನ ಪತ್ರಕ್ಕೆ ಮಂಡಳಿ ಇನ್ನೂ ಉತ್ತರಿಸಿಲ್ಲ. ನಾನು ಬರೆಯುವುದನ್ನು ಬಿಟ್ಟಿಲ್ಲ.

ಒಂದು ಸಂಜೆ ನಾಗಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಗಂಡನ ಬಾಯಿ ಒರೆಸುತ್ತ ಕೇಳಿದಳು:

“ಆಕಿ ಗಂಡನ ಹೆಸರು ಏನಂತ ಕೇಳಿದೇನವ್ವಾ?”

ಇಲ್ಲ ಎಂದೆ.

“ಆಕಿ ಹೇಳ್ತಿದ್ದಿಲ್ಲ ಬಿಡು,” ಎಂದಳು. “ಆದ್ರೂ ಕೇಳಬೇಕಾಗಿತ್ತು.”