ಬೀಗರಿಗೆ ಒಪ್ಪುವ ಮೀನು

ಮೋಟರ್ ರಿವೈಂಡಿಂಗ್ ಮಾಡುವವನಿಗೆ ಮೀನು ಯಾಕೆ ಬೇಕಿತ್ತು ಎಂದು ಕಡೂರಿನ ನನ್ನ ಅಂಗಡಿಗೆ ಬಂದವರೆಲ್ಲ ಕೇಳಿದರು. ಬೇಕಿದ್ದದ್ದು ಸೊಪ್ಪು. ಅಮ್ಮನಿಗೆ ರಕ್ತ ಕಡಿಮೆ, ದಿನಾ ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಸಂತೆ ಸೊಪ್ಪು ಔಷಧಿ ವಾಸನೆ ಎಂದು ಅವಳು ಬಾಯಿಗೇ ಇಡುತ್ತಿರಲಿಲ್ಲ. ಹಾಗಾಗಿ ತಾರಸಿಯ ಮೇಲೆ ಒಂದು ತೊಟ್ಟಿ, ಅದರಲ್ಲಿ ಮೀನು. ಮೀನಿನ ಗಲೀಜು ನೀರು ಪಂಪಿನಲ್ಲಿ ಜಲ್ಲಿ ತುಂಬಿದ ಟ್ರೇಗೆ ಹೋಗಿ ಬಸಳೆಗೆ, ಹೊನಗೊನ್ನೆಗೆ ಗೊಬ್ಬರವಾಗಬೇಕು. ಸೋಸಿದ ನೀರು ಮತ್ತೆ ತೊಟ್ಟಿಗೆ ಇಳಿಯಬೇಕು. ಪಂಪು, ಪೈಪು ನನಗೆ ನೀರು ಕುಡಿದಷ್ಟು ಸುಲಭ. ಮೀನು ಆರಿಸುವುದರಲ್ಲಿ ಶುದ್ಧ ದಡ್ಡ.

ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಉಣ್ಣೆ ಟೋಪಿ ಹಾಕಿಕೊಂಡು ಚಳಿನಾಡಿನ ಟ್ರೌಟ್ ಮೀನು ಸಾಕಿ ಎನ್ನುತ್ತಿದ್ದ. ಏಪ್ರಿಲ್‌ನಲ್ಲಿ ನಮ್ಮ ತಾರಸಿಗೆ ಬರಿಗಾಲಲ್ಲಿ ಬಾರಪ್ಪ, ಟೋಪಿ ವಿಷಯ ಆಮೇಲೆ ಮಾತಾಡೋಣ! ಶಿವನಿಯಲ್ಲಿ ಕೃಷಿಹೊಂಡ ಇರುವ ನನ್ನ ಹಳೆಯ ಗಿರಾಕಿ ಒಂದೇ ಮಾತಲ್ಲಿ ಮುಗಿಸಿದ. "ಜಿಲೇಬಿ ಮೀನು ಬಿಡು ಕಣಯ್ಯ. ನೀರು ಕಾದ್ರೂ ಸಾಯಲ್ಲ, ಕೆಟ್ರೂ ಸಾಯಲ್ಲ."

ಆದರೆ ಜಿಲೇಬಿ ಎಂದರೆ ತಿಲಾಪಿಯಾ, ಜನ ಸಾರು ಮಾಡಿ ಉಣ್ಣುವ ಮೀನು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಮಗಳನ್ನು ಕೊಟ್ಟ ಅಜ್ಜಂಪುರದ ಬೀಗರು ತಾರಸಿ ಹತ್ತಿ ನೋಡಿದರೆ ಏನಂದಾರು? ಹೆಣ್ಣು ಕೊಡುವಾಗ ಬೀಗರ ಮುಖ ನೋಡುವುದು ಸರಿ. ಮೀನು ತರುವಾಗಲೂ ನೋಡುವವರು ಬಹುಶಃ ನಾವೊಬ್ಬರೇ. ಚಂದಕ್ಕೆ ಸಾಕಿದ್ದೀವಿ ಎನ್ನಬಹುದಲ್ಲ ಎಂದು ತರೀಕೆರೆಯಿಂದ ಹನ್ನೆರಡು ಗೋಲ್ಡ್‌ಫಿಶ್ ತಂದೆ. ಅದು ತಣ್ಣೀರಿನ ಮೀನು ಎಂದು ಗೊತ್ತಿದ್ದೂ ತಂದೆ.

ಅಮ್ಮ ಒಂದೇ ಷರತ್ತು ಹಾಕಿದಳು. "ನನ್ ಸೊಪ್ಪಿಗೋಸ್ಕರ ಒಂದ್ ಜೀವಾನೂ ಹೋಗ್ಬಾರ್ದು ಕಣೋ. ಹೋದ್ರೆ ನಾನು ಮುಟ್ಟಲ್ಲ."

ಚಳಿಗಾಲ ಕಳೆಯುವವರೆಗೆ ಎಲ್ಲ ಸೊಗಸಾಗಿತ್ತು. ಬಸ್ಸಾರು ಉಂಡು ಅಮ್ಮ ತಾರಸಿಯ ಮೆಟ್ಟಿಲು ಹತ್ತುವಂತಾದಳು. ಬೇಸಿಗೆ ಬಂತು, ತೊಟ್ಟಿಯ ನೀರು ಸ್ನಾನಕ್ಕೆ ಕಾಸಿದಂತಾಯಿತು. ನೆರಳು ಬಲೆ ಕಟ್ಟಿದರೂ ಮೀನು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ನಾನೇನು ಮಾಡಿದೆ? ಸತ್ತದ್ದನ್ನು ಕರಿಬೇವಿನ ಬುಡದಲ್ಲಿ ಹೂತು, ಅದೇ ಬಣ್ಣದ್ದನ್ನು ತರೀಕೆರೆಯಿಂದ ತಂದು ಬಿಟ್ಟೆ. ಅವೂ ಸತ್ತವು, ಮತ್ತೆ ತಂದೆ. ಥೂ, ನನ್ನ ಬುದ್ಧಿಗಿಷ್ಟು!

ಸಂಡಿಗೆ ಒಣಗಿಸಲು ಹೋದ ಅಮ್ಮನಿಗೆ ಒಂದು ಮಧ್ಯಾಹ್ನ ತೇಲುತ್ತಿದ್ದ ಎರಡು ಮೀನು ಕಂಡವು. ಕೆಳಗೆ ಬಂದು ನನ್ನನ್ನು ನಿಲ್ಲಿಸಿಕೊಂಡಳು. "ಈ ಮೀನು ಯಾರಿಗೋಸ್ಕರ ತಂದೆ? ನಂಗೋಸ್ಕರ್ವಾ, ಬೀಗರಿಗೋಸ್ಕರ್ವಾ?"

ಅಂದಿನಿಂದ ಅವಳು ಸೊಪ್ಪು ಮುಟ್ಟಲಿಲ್ಲ. ತಿಂಗಳೊಳಗೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯತೊಡಗಿದಳು. ನನಗೆ ನಿಜವಾಗಿ ಭಯವಾಯಿತು.

ಅವಳು ಗೋಡೆ ಹಿಡಿದದ್ದು ಕಂಡ ಮರುದಿನವೇ ಶಿವನಿಯ ಗಿರಾಕಿಯ ಹೊಂಡಕ್ಕೆ ಹೋಗಿ ಕ್ಯಾನಿನಲ್ಲಿ ಜಿಲೇಬಿ ತುಂಬಿಸಿಕೊಂಡು ರೈಲಿನಲ್ಲಿ ತಂದೆ. ಒಂದೂ ಸಾಯಲಿಲ್ಲ. ಅಮ್ಮ ಹದಿನೈದು ದಿನ ತೊಟ್ಟಿ ಕಾದು ನೋಡಿ, ಆಮೇಲೆ ಸೊಪ್ಪು ಬಡಿಸಿಕೊಂಡಳು. ಬೀಗರು ಬಂದು ಮೂಗು ಮುರಿದರು. ಮುರಿಯಲಿ, ಅವರ ಮೂಗು.

ಆದರೆ ಜಿಲೇಬಿಗೆ ಮರಿ ಹಾಕುವುದೇ ಕಸುಬು. ತೊಟ್ಟಿ ತುಂಬಿದರೆ ಉಸಿರುಕಟ್ಟಿ ಎಲ್ಲವೂ ಸಾಯುತ್ತವೆ. ಹೆಚ್ಚಿನ ಮರಿಗಳನ್ನು ಶಿವನಿಯ ಹೊಂಡಕ್ಕೆ ಒಯ್ದು ಬಿಡತೊಡಗಿದೆ. ಮೂರನೇ ಸಲ ಬಿಟ್ಟು ಬಂದು ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಅಲ್ಲಿ ಆ ಮರೀನ ಏನ್ಮಾಡ್ತಾರೆ?"

ಸಾಕುತ್ತಾರೆ ಎಂದುಬಿಡಬಹುದಿತ್ತು. ಬಾಯಿಗೆ ಬಂದೂ ಇತ್ತು. "ದೊಡ್ಡವಾದ್ಮೇಲೆ ತಿಂತಾರೆ ಕಣಮ್ಮ," ಎಂದೆ.

ಅವಳ ಕೈ ತಟ್ಟೆಯಲ್ಲೇ ನಿಂತಿತು. ಇನ್ನೇನು ತಟ್ಟೆ ದೂಡುತ್ತಾಳೆ ಎಂದುಕೊಂಡೆ.

"ಇನ್ಮೇಲೆ ಮರಿ ಸಾಗ್ಸೋ ದಿನ ನಂಗೆ ಹೇಳು. ಆವತ್ತು ಉಪವಾಸ ಇರ್ತೀನಿ," ಎಂದಳು.

"ಮೈಯಲ್ಲಿ ರಕ್ತ ಇಲ್ದೋಳು ಉಪವಾಸ ಇರ್ತಾಳಂತೆ! ನೀನು ಉಣ್ಣು. ಆ ಉಪವಾಸ ನಾನ್ ಮಾಡ್ತೀನಿ."

"ಮೂರ್ ಹೊತ್ತೂ ಮುದ್ದೆ ನುಂಗೋ ನೀನಾ?"

"ಹೂಂ, ನಾನೇ. ಇವತ್ತೇ ಬಿಟ್ ಬಂದಿದೀನಲ್ಲ, ಇವತ್ತಿಂದ್ಲೇ."

ಅಮ್ಮ ನನ್ನ ಮುಂದಿದ್ದ ತಟ್ಟೆಯಿಂದ ಮುದ್ದೆ ಎತ್ತಿ ಪಾತ್ರೆಗೆ ಹಾಕಿ, ಸೊಪ್ಪನ್ನು ತನ್ನ ತಟ್ಟೆಗೆ ಬಳಿದುಕೊಂಡಳು.