ಮೂರು ರಿಂಗಿನ ಅಕ್ಕ

ಈಗಷ್ಟೇ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚಿದ್ದೆ. ಫೋನು ಮೂರು ಸಲ ಬಡಿದುಕೊಂಡು ಸುಮ್ಮನಾಯಿತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಸಂಶಯಾಸ್ಪದ ಕರೆ’ ಎಂದಿದೆ. ನನಗೆ ಸಂಶಯವಿಲ್ಲ, ಅದು ದೇವಾಪುರದ ನಮ್ಮಕ್ಕ. ಹೊಸ ಸಿಮ್ ಹಾಕಿಸಿದ್ದಾಳೆ, ನಾನಿನ್ನೂ ಹೆಸರು ಸೇರಿಸಿಲ್ಲ. ಮರಳಿ ಹಚ್ಚಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎನ್ನುತ್ತದೆ. ಸುರಪುರದ ಗೆಳೆಯ ಮಹೆಬೂಬನಿಗೆ ಜೀಪು ತೆಗೆಯಲು ಹೇಳಿಯಾಗಿದೆ. ಇನ್ನು ಕಾಯುವುದೊಂದೇ ಕೆಲಸ. ಕಾಯುವವನಿಗೆ ಜೊತೆ ಬೇಕು, ನೀವು ಸ್ವಲ್ಪ ಕೂತಿರಿ.

ನಮ್ಮಕ್ಕನ ಹೊಲದಲ್ಲಿ ಸಿಗ್ನಲ್ ಎನ್ನುವುದು ಬಡವರ ಮನೆಯ ತುಪ್ಪ. “ರಿಂಗ್ ಹೋಗ್ತದ ತಮ್ಮಾ, ಮಾತ್ ಹೋಗಂಗಿಲ್ಲ” ಎಂದು ಅವಳೇ ಒಂದು ಕಾನೂನು ಮಾಡಿದ್ದಳು. ಒಂದು ರಿಂಗು ಕೊಟ್ಟು ಕತ್ತರಿಸಿದರೆ ‘ಮುಟ್ಟೀನಿ’. ಎರಡಾದರೆ ‘ಬಿಡುವಾದಾಗ ಮನಿ ಕಡಿ ಬಾ’. ಮೂರಾದರೆ ‘ಕೈಯಾಗಿನ ತುತ್ತು ಬಿಟ್ಟು ಬಾ’. ನನ್ನನ್ನು ಬೆಳೆಸಿದವಳು ಅವಳೇ ಆದ್ದರಿಂದ ಈ ಕಾನೂನಿಗೆ ತಿದ್ದುಪಡಿ ಇರಲಿಲ್ಲ. ಮೂರು ರಿಂಗು ಮಾತ್ರ ಬಹಳ ವರ್ಷ ಬಂದಿರಲಿಲ್ಲ.

ಅದು ಮೊದಲ ಸಲ ಬಂದಾಗ ನಾನು ಯಾದಗಿರಿಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ. ಸರಳವಾಗಿ ಹೇಳುವುದಾದರೆ, ಮೊಬೈಲು ಟವರುಗಳ ನಿನ್ನೆಯ ಕರೆಗಳನ್ನು ನೋಡಿ ಯಂತ್ರ ನಾಳೆಯದನ್ನು ಊಹಿಸಬೇಕು. ಎಲ್ಲಿ ಗದ್ದಲವಾದೀತು, ಯಾವ ನಂಬರಿಗೆ ಕಳ್ಳರ ನಡಿಗೆ ಇದೆ ಎಂದು ಮೊದಲೇ ಹೇಳಬೇಕು. ರಿಂಗು ಕೊಟ್ಟು ಕತ್ತರಿಸುವುದು ಮೋಸಗಾರರ ಹಳೆಯ ಆಟ. ಕುತೂಹಲಕ್ಕೆ ತಿರುಗಿ ಹಚ್ಚಿದವನ ದುಡ್ಡು ಹೋಯಿತು. ಯಂತ್ರಕ್ಕೆ ಆ ಪಾಠವನ್ನು ಚೆನ್ನಾಗಿ ಉರು ಹೊಡೆಸಿದ್ದೆವು. ಅದೇ ಕೆಲಸವನ್ನು ನಮ್ಮ ಮನೆಯಲ್ಲೂ ಮಾಡುತ್ತಾರೆಂದು ಪಾಠ ಹೇಳುವಾಗ ನನಗೆ ಹೊಳೆದೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಆ ಮಧ್ಯಾಹ್ನ ಸುರಪುರ ಸುತ್ತಿನ ಟವರುಗಳ ಮೇಲೆ ಪರೀಕ್ಷೆ ನಡೆದಿತ್ತು. ಕೆಂಪಾದ ನಂಬರನ್ನು ಯಂತ್ರ ತಾನಾಗಿಯೇ ತಡೆಯಬೇಕು. ಪ್ರಯೋಗಾಲಯದೊಳಗೆ ಫೋನು ತರುವಂತಿಲ್ಲ. ನನ್ನದು ಬಾಗಿಲ ಬಳಿಯ ತಗಡಿನ ಪೆಟ್ಟಿಗೆಯಲ್ಲಿ ಮೂಕವಾಗಿ ಮಲಗಿತ್ತು. ಪರದೆಯ ಮೇಲೆ ಯಾರ ನಂಬರೂ ಕಾಣದಂತೆ ಮರೆಮಾಡಿದ್ದೆವು. ಕಾಣುವುದು ಎರಡು ತುದಿಯ ಟವರು ಮತ್ತು ರಿಂಗಿನ ಉದ್ದ, ಅಷ್ಟೇ.

ದೇವಾಪುರದ ಟವರಿನಿಂದ ಒಂದು ಗೆರೆ ಎದ್ದಿತು. ಮೂರು ರಿಂಗು, ಕಟ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ಮೂರು ರಿಂಗು, ಕಟ್. ಗೆರೆ ಕೆಂಪಾಯಿತು. ನಮ್ಮ ಗೈಡ್ ಸರ್ ಕುರ್ಚಿ ಬಿಟ್ಟೆದ್ದರು. “ನೋಡ್ರಿ, ಹಿಡೀತು ನೋಡ್ರಿ! ಇನ್ನೊಂದ್ ಸಲ ಬಂದ್ರ ತಾನೇ ಬಂದ್ ಮಾಡ್ತದ.”

ಗೆರೆಯ ಇನ್ನೊಂದು ತುದಿ ನಮ್ಮ ಕಾಲೇಜಿನ ಟವರು. ನಾನು ಸರ್ ಕೈ ಹಿಡಿದೆ.

“ತಡೀಬ್ಯಾಡ್ರಿ ಸರ. ಅದು ನಮ್ಮಕ್ಕ.”

“ಹೆಸರಿಲ್ಲ, ನಂಬರಿಲ್ಲ. ಹೆಂಗ ಗೊತ್ತಾತು?”

“ಬಡಿಯೋ ರೀತಿ ನೋಡ್ರಿ.”

“ಅದು ನಿಮ್ಮ ಊಹೆ. ಕಳ್ಳಂದಾಗಿದ್ರ?”

“ಕಳ್ಳಂದಾದ್ರ ನಾ ಕಳ್ಳನ ತಮ್ಮ ಅಂತ ಬರ್ಕೋರಿ. ಮೊದ್ಲು ಯಂತ್ರ ನಿಂದರಸ್ರಿ!”

ಸರ್ ನನ್ನ ಮುಖ ನೋಡಿದರು, ಪರದೆ ನೋಡಿದರು. ಎಷ್ಟೋ ತಿಂಗಳು ಕಾದ ಪರೀಕ್ಷೆ ಅದು. ಬಾಯಲ್ಲಿ ಏನೋ ಗೊಣಗುತ್ತಾ ನಿಲ್ಲಿಸಿಬಿಟ್ಟರು.

ಪೆಟ್ಟಿಗೆಯಿಂದ ತೆಗೆಯುವಾಗಲೇ ಫೋನು ಮತ್ತೆ ನಡುಗಿತು. ಎತ್ತಿದೆ. ಖರಖರ ಸದ್ದಿನ ನಡುವೆ ಒಂದೇ ಮಾತು ಉಳಿದು ಬಂತು: “ಹಾವು.” ಆಮೇಲೆ ಲೈನು ಸತ್ತಿತು. ಅಕ್ಕನ ಗಂಡ, ನಮ್ಮ ಮಾವ, ಕೆಂಭಾವಿ ಸಂತೆಗೆ ಹೋಗಿದ್ದಾನೆಂದು ನನಗೆ ಗೊತ್ತಿತ್ತು. ಹತ್ತಿ ಬಿಡಿಸಲು ಅಕ್ಕ ಒಬ್ಬಳೇ ಹೊಲದಲ್ಲಿದ್ದಳು. ಮಹೆಬೂಬನಿಗೆ ಹಚ್ಚಿದೆ.

“ಹಾವಾ? ಹೊಲ ಗೊತ್ತದ ಭಾಯ್, ಹೊಂಟೆ. ಫೋನ್ ಇಡು. ದವಾಖಾನಿ ಮುಟ್ಟಿದ್ರ ಒಂದ್ ರಿಂಗ್ ಕೊಡ್ತೀನಿ.”

ಮೆಟ್ಟಿಲ ಮೇಲೆ ಕೂತೆ. ಸರ್ ಬಂದು ಪಕ್ಕದಲ್ಲಿ ಕೂತರು. ಊಹಿಸುವುದೇ ನಮ್ಮಿಬ್ಬರ ಕಸುಬು, ಆದರೆ ಇಬ್ಬರೂ ಫೋನನ್ನೇ ನೋಡುತ್ತಿದ್ದೆವು. ನನಗೆ ಆ ಹೊತ್ತು ಅಳು ಬಂದಿತ್ತು, ಅತ್ತುಬಿಟ್ಟೆ. ಬಿಸಿಲು ಕಂಬದ ಆಚೆ ಸರಿದ ಮೇಲೆ ಫೋನು ಒಂದು ಸಲ ಬಡಿದು ನಿಂತಿತು. ಅಷ್ಟು ಚಿಕ್ಕ ಸದ್ದಿಗೆ ಅಷ್ಟು ದೊಡ್ಡ ಅರ್ಥ ಇರಬಹುದೆಂದು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಅಕ್ಕ ಉಳಿದಳು. ಹಾವು ಕಚ್ಚಿದ ಬಲಗೈ ಹೆಬ್ಬೆರಳು ಮಾತ್ರ ಸೆಟೆದುಕೊಂಡಿತು. ಹಟಮಾರಿ, ಎಡಗೈಯಲ್ಲಿ ಫೋನು ಹಿಡಿಯುವುದಿಲ್ಲ. ಆ ಬೆರಳಿನಿಂದ ಬೇಗ ಕತ್ತರಿಸಲು ಆಗದ್ದರಿಂದ, ‘ಮುಟ್ಟೀನಿ’ ಎನ್ನಲು ಕೊಟ್ಟ ಒಂದು ರಿಂಗು ಎಷ್ಟೋ ಸಲ ಮೂರಾಗಿಬಿಡುತ್ತದೆ. ಯಾವುದು ಬೆರಳಿನ ಮೂರು, ಯಾವುದು ಜೀವದ ಮೂರು ಎಂದು ಯಾವ ಯಂತ್ರವೂ ಹೇಳಲಾರದು. ನಾನು ಊಹಿಸಲು ಹೋಗುವುದಿಲ್ಲ. ಪ್ರತಿ ಸಲವೂ ಜೀಪು ಹೋಗುತ್ತದೆ. ಅಕ್ಕ ಸುಖವಾಗಿದ್ದರೆ ಅಲ್ಲಿಂದ ಒಂದು ರಿಂಗು ಬರುತ್ತದೆ. “ಹೋಗ್ಲಿ ಬಿಡು ಭಾಯ್, ಅಕ್ಕನ ಕೈಯಾನ ಚಾ ಕುಡ್ದು ಬರ್ತೀನಿ” ಎನ್ನುತ್ತಾನೆ ಮಹೆಬೂಬ.

ಅಗೋ, ಫೋನು ಬಡಿಯಿತು. ಒಂದು. ನಿಂತಿತು. ಮಹೆಬೂಬನ ಹೆಸರು. ಚಹಾಕ್ಕೆ ಕೂತಿರಬೇಕು.

ಅಪಾಯವಿಲ್ಲದಿದ್ದರೂ ಕೂಗಿದರೆ ಅದನ್ನು ನಮ್ಮ ಶಾಸ್ತ್ರದಲ್ಲಿ ಹುಸಿ ಎಚ್ಚರಿಕೆ ಎನ್ನುತ್ತಾರೆ. ಅದು ಹೆಚ್ಚಾದಷ್ಟೂ ಯಂತ್ರ ದಡ್ಡ ಎಂದು ಲೆಕ್ಕ. ಇರಲಿ. ನಮ್ಮಕ್ಕನ ಎಚ್ಚರಿಕೆ ಹುಸಿಯಾದ ದಿನ ನಾನು ಒಂದು ರೊಟ್ಟಿ ಹೆಚ್ಚು ತಿನ್ನುತ್ತೇನೆ.